ತೀರಿಕೊಂಡವರ ನೆನಪಿನ ಗೋಡೆ: ಕಡತದಿಂದ ಕಲ್ಲಿನವರೆಗಿನ ಕೆಲಸ

300 ಮನೆಯ ಬಯಲುಸೀಮೆಯ ಊರು, ಐದು ವರ್ಷದಲ್ಲಿ ತೀರಿಕೊಂಡ 45 ಜನ, ಅರಳಿಕಟ್ಟೆಯ ಪಕ್ಕದಲ್ಲಿ ಒಂದಿಷ್ಟು ಜಾಗ. ಕೆಲಸದ ಅಳತೆ ಇಷ್ಟು. ಮಾಡಬೇಕಾದದ್ದು ನಾಲ್ಕು: ಹೆಸರಿನ ಕಡತ, ಫೋಟೊ, ದನಿ, ಕಲ್ಲು. ಬಹಳ ಕಡೆ ಮೊದಲು ಕಲ್ಲಿಗೆ ದುಡ್ಡು ಕೂಡುತ್ತದೆ, ಕಲ್ಲು ಬಂದಿಳಿಯುತ್ತದೆ, ಆಮೇಲೆ ಹೆಸರು ಕೇಳುತ್ತಾ ಹೊರಡುತ್ತಾರೆ. ಪೆನ್ಸಿಲಿನಲ್ಲಿ ಬರೆದ ತಪ್ಪನ್ನು ರಬ್ಬರಿನಿಂದ ಉಜ್ಜಬಹುದು. ಕಲ್ಲಲ್ಲಿ ಕೆತ್ತಿದ ತಪ್ಪು ಆ ಮನೆಯವರ ಕಣ್ಣಿಗೆ ದಿನಾ ಚುಚ್ಚುತ್ತದೆ. ಆದ್ದರಿಂದ ಇಲ್ಲಿ ಕಲ್ಲು ಕಟ್ಟಕಡೆಗೆ.

ಕಡತ

ಮೊದಲ ಪಟ್ಟಿ ಮರಣ ನೋಂದಣಿ ಪುಸ್ತಕದಿಂದ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದೊಂದನ್ನೇ ನಂಬಿದರೆ ಪಟ್ಟಿ ಅರ್ಧಕ್ಕೆ ನಿಲ್ಲುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ತಿಳಿಸಬೇಕು, ಮತ್ತು ಅದು ದಾಖಲಾಗುವುದು ಸಾವು ಸಂಭವಿಸಿದ ಜಾಗದಲ್ಲಿ. ಜಿಲ್ಲಾಸ್ಪತ್ರೆಯಲ್ಲೋ ಬೆಂಗಳೂರಿನಲ್ಲೋ ಉಸಿರು ಬಿಟ್ಟವರ ಹೆಸರು ಅಲ್ಲಿನ ಪುಸ್ತಕದಲ್ಲಿರುತ್ತದೆ, ಊರಿನದರಲ್ಲಿ ಇರುವುದಿಲ್ಲ.

ಎರಡನೇ ಮೂಲ ಹೋಬಳಿಯ ಫ್ಲೆಕ್ಸ್ ಅಂಗಡಿ ಮತ್ತು ತಿಥಿ ಕಾರ್ಡು ಅಚ್ಚು ಹಾಕುವ ಪ್ರೆಸ್ಸು. ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸಿನ ಫೈಲುಗಳು ಅವರ ಕಂಪ್ಯೂಟರಿನಲ್ಲಿ ಹಲವು ತಿಂಗಳು, ಕೆಲವೊಮ್ಮೆ ವರ್ಷಗಟ್ಟಲೆ ಉಳಿದಿರುತ್ತವೆ. ಅದರಲ್ಲಿ ಹೆಸರು, ತಾರೀಖು, ಮನೆಯವರು ತಾವೇ ಆರಿಸಿ ಕೊಟ್ಟ ಫೋಟೊ, ಮೂರೂ ಒಟ್ಟಿಗೆ ಸಿಗುತ್ತವೆ. ಮನೆಯವರನ್ನು ಕೇಳಿ, ಅವರನ್ನೇ ಕರೆದುಕೊಂಡು ಹೋಗಿ ಫೈಲು ಪಡೆಯಬೇಕು.

ಮೂರನೆಯದು ಕಾಲ್ನಡಿಗೆ. ಪ್ರತಿ ಬೀದಿಯಲ್ಲೂ ಯಾರ ಮನೆಯ ಹಾಲುತುಪ್ಪ ಯಾವತ್ತು ಆಯಿತು ಎಂದು ಬಾಯಲ್ಲೇ ಇಟ್ಟುಕೊಂಡ ಒಬ್ಬಿಬ್ಬರು ಅಜ್ಜಿಯರಿರುತ್ತಾರೆ. ಪಟ್ಟಿಯನ್ನು ಅವರ ಮುಂದೆ ಗಟ್ಟಿಯಾಗಿ ಓದಿದರೆ ಬಿಟ್ಟುಹೋದವರು ತಾವಾಗಿ ಎದ್ದು ಬರುತ್ತಾರೆ. ಬಿಟ್ಟುಹೋಗುವವರು ಯಾರು ಎಂಬುದೂ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: ಮದುವೆಯಾಗದೆ ಅಣ್ಣನ ಮನೆಯಲ್ಲಿ ಉಳಿದವರು, ಗಂಡನ ಮನೆ ಬಿಟ್ಟು ತವರಿಗೆ ಬಂದು ಸೇರಿದವರು, ಕೂಲಿಗೆ ಬಂದು ಇಲ್ಲೇ ನೆಲೆ ನಿಂತವರು, ಹಟ್ಟಿ ಮತ್ತು ಕಾಲೊನಿಯವರು, ಎಳೆ ಮಕ್ಕಳು. ‘ಊರಿನವರು’ ಅಂದರೆ ಯಾರು ಎಂಬುದನ್ನು ಕಡತದ ಮೊದಲ ಪುಟದಲ್ಲೇ ಬರೆದುಬಿಡಬೇಕು. ಇಲ್ಲಿ ಹಿಡಿದ ನಿಯಮ: ಇಲ್ಲಿ ಬಾಳಿದವರು ಎಲ್ಲರೂ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ನೋಡಬೇಕಾಗಿಲ್ಲ.

ಒಬ್ಬರಿಗೆ ಒಂದೆರಡು ಪುಟ. ಖಾನೆಗಳು: ದಾಖಲೆಯಲ್ಲಿನ ಹೆಸರು, ಊರು ಕರೆಯುತ್ತಿದ್ದ ಹೆಸರು, ಮನೆತನ, ತವರೂರು, ಹುಟ್ಟಿದ್ದು, ತೀರಿದ್ದು, ಕಸುಬು, ಹೇಳಿದವರು ಯಾರು, ಬರೆದವರು ಯಾರು, ಬರೆದ ದಿನ. ಕರೆಯುವ ಹೆಸರಿನ ಖಾನೆ ಇಲ್ಲದಿದ್ದರೆ ಕಡತ ಸತ್ತಂತೆ. ಆಧಾರಿನಲ್ಲಿ ‘ನಂಜಮ್ಮ’ ಎಂದಿರುವವರು ಊರಿನಲ್ಲಿ ಮೂವರಿರಬಹುದು. ‘ಬಾವಿಮನೆ ನಂಜಕ್ಕ’ ಒಬ್ಬರೇ. ಅಡ್ಡಹೆಸರಲ್ಲಿ ಜಾತಿಯ ಹಂಗಿಸುವಿಕೆಯೋ ಅಂಗವಿಕಲತೆಯ ಹಾಸ್ಯವೋ ಇದ್ದರೆ ಮನೆಯವರು ಒಪ್ಪಿದರಷ್ಟೇ ಬರೆಯುವುದು.

ಹೆಂಗಸರ ಸಾಲು ಬಂದಾಗ ‘ಇಂಥವರ ಹೆಂಡತಿ’ ಎಂದು ಬರೆದು ಮುಂದೆ ಹೋಗುವ ಚಾಳಿ ಗಟ್ಟಿಯಾಗಿದೆ. ಹಾಗೆ ಬಿಡಬಾರದು. ತವರಿನಲ್ಲಿ ಇಟ್ಟ ಹೆಸರೇ ಬೇರೆ, ಗಂಡನ ಮನೆಗೆ ಬಂದ ಮೇಲೆ ಬದಲಾದ ಹೆಸರೇ ಬೇರೆ ಇರುವುದುಂಟು. ಎರಡನ್ನೂ ಬರೆಯಬೇಕು. ತವರೂರಿಗೆ ಒಂದು ಫೋನು ಮಾಡಿದರೆ ಸಿಗುವ ಸಂಗತಿ ಇದು. ಅಲ್ಲಿ ಅಣ್ಣತಮ್ಮಂದಿರು ಇರುವವರೆಗೆ ಮಾತ್ರ ಸಿಗುತ್ತದೆ.

ಹುಟ್ಟಿದ ದಿನದ ಬಗ್ಗೆ ಎಚ್ಚರ. ದಾಖಲೆಯಲ್ಲಿ ಜನವರಿ 1 ಎಂದಿದ್ದರೆ ಅದು ಅಂದಾಜಿನ ವರ್ಷಕ್ಕೆ ಕಂಪ್ಯೂಟರು ಹಚ್ಚಿದ ದಿನ ಇರಬಹುದು. ಜೂನ್ 1 ಎಂದಿದ್ದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದಿರಬಹುದು. ಇಂಥ ಕಡೆ ದಿನ ಬಿಟ್ಟು ‘ಸುಮಾರು 1948’ ಎಂದಷ್ಟೇ ಬರೆಯುವುದು ಸತ್ಯಕ್ಕೆ ಹತ್ತಿರ. ವರ್ಷವನ್ನು ಗುರುತು ಹಿಡಿಯಲು ಊರಿನ ನೆನಪುಗಳನ್ನೇ ಮೊಳೆಯಂತೆ ಬಳಸಬೇಕು: ಗಾಂಧಿ ತೀರಿಕೊಂಡ 1948, ರಾಜ್ಯ ಒಂದಾದ 1956, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973, ತುರ್ತುಪರಿಸ್ಥಿತಿಯ 1975. ‘ಆಗ ನಿಮ್ಮವ್ವನಿಗೆ ಮದುವೆಯಾಗಿತ್ತಾ, ಎಷ್ಟು ಮಕ್ಕಳಿದ್ದರು’ ಎಂದು ಕೇಳಿದರೆ ಎರಡು ಮೂರು ವರ್ಷದ ಅಂತರಕ್ಕೆ ಬಂದು ನಿಲ್ಲುತ್ತದೆ. ಸಂವತ್ಸರದ ಹೆಸರು ಹೇಳಿದರೆ ಅದನ್ನೂ ಬರೆದುಕೊಳ್ಳಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ ಲೆಕ್ಕ ಸುಲಭ: 2025ರ ಯುಗಾದಿಗೆ ಬಂದ ವಿಶ್ವಾವಸು, ಅದಕ್ಕೂ ಹಿಂದೆ 1965ರಲ್ಲಿ ಬಂದಿತ್ತು.

ಇನ್ನು ಬದುಕಿನ ಭಾಗ. ‘ಹೇಗಿದ್ದರು’ ಎಂದು ಕೇಳಿದರೆ ‘ಬಂಗಾರದಂಥ ಮನುಷ್ಯ’ ಎಂಬ ಉತ್ತರ ಬರುತ್ತದೆ. 45 ಜನರ ಪುಟದಲ್ಲೂ ಬಂಗಾರವೇ ತುಂಬಿದರೆ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಉಳಿಯುವುದಿಲ್ಲ. ಕೈ ಏನು ಮಾಡುತ್ತಿತ್ತು ಎಂದು ಕೇಳಬೇಕು. ಬಿತ್ತುವ ಕೂರಿಗೆ ಮಾಡುತ್ತಿದ್ದ ಬಡಗಿಯಾದರೆ: ಬೀಜ ಸುರಿಯುವ ಬಟ್ಟಲಿಗೆ ಯಾವ ಮರ, ಸಾಲಿನಿಂದ ಸಾಲಿಗೆ ಎಷ್ಟು ಬೆರಳು, ಕೂಲಿಯನ್ನು ದುಡ್ಡಲ್ಲಿ ತೆಗೆದುಕೊಳ್ಳುತ್ತಿದ್ದರೋ ರಾಗಿಯಲ್ಲೋ. ಸೂಲಗಿತ್ತಿಯಾದರೆ: ಬಾಣಂತಿಗೆ ಯಾವ ಕಷಾಯ, ಎಷ್ಟು ದಿನದ ಎಣ್ಣೆಸ್ನಾನ, ಯಾವ ಮನೆಯ ಯಾವ ಮಕ್ಕಳು ಅವರ ಕೈಯಲ್ಲಿ ಹುಟ್ಟಿದವರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಬರೆದವು. ಅಂಕೋಲಾದ ಹಾಲಕ್ಕಿ ಸಮುದಾಯದ, ಗಿಡಮರ ಬೆಳೆಸಿದ ತುಳಸಿ ಗೌಡ 2024ರ ಡಿಸೆಂಬರಿನಲ್ಲಿ, ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿಯಲ್ಲಿ ಹೋದಾಗಲೂ ನಾಡು ತಿಳಿಯಿತು. ಇಂಥದೇ ವಿದ್ಯೆ ಬಲ್ಲ, ಪ್ರಶಸ್ತಿ ಬಾರದ ಒಬ್ಬರು ಪ್ರತಿ ಊರಲ್ಲೂ ಇದ್ದರು. ಅವರ ಪಾಲಿಗೆ ಪತ್ರಿಕೆಯೂ ಈ ಕಡತವೇ.

ಪುಸ್ತಕಕ್ಕೆ 100 ಜಿಎಸ್‌ಎಮ್‌ನ ಆಮ್ಲರಹಿತ ಕಾಗದ, ದಾರದಲ್ಲಿ ಹೊಲಿದ ರಟ್ಟು. ಸ್ಟೇಪಲ್ ಪಿನ್ನು ಬೇಡ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ನೀರಿಗೆ ಕರಗದ ಪಿಗ್ಮೆಂಟ್ ಶಾಯಿ ಆಗಬೇಕು. ಪೆಟ್ಟಿಗೆಯಲ್ಲಿ ಬಜೆಬೇರಿನ ಗಂಟು ಇಟ್ಟರೆ ಹುಳ ದೂರ. ಓಲೆಗರಿ ಕಾಲದ ಉಪಾಯ ಇದು. ಬೇರು ಕಾಗದಕ್ಕೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿರಬೇಕು, ವರ್ಷಕ್ಕೊಮ್ಮೆ ಬದಲಿಸಬೇಕು.

ಫೋಟೊ

ಕೆಲಸದ ಮುಕ್ಕಾಲು ಪಾಲು ಸಮಯ ಇಲ್ಲಿ ಹೋಗುತ್ತದೆ, ಹೋಗಲಿ.

ಕಟ್ಟು ಹಾಕಿಸಿದ ಹಳೇ ಫೋಟೊದ ದೊಡ್ಡ ತೊಂದರೆ ಗಾಜಿಗೆ ಅಂಟಿಕೊಳ್ಳುವುದು. ಗೋಡೆಯ ತೇವ ಹಿಂದಿನ ರಟ್ಟಿನಿಂದ ಒಳಗೆ ಇಳಿಯುತ್ತದೆ. ಫೋಟೊದ ಮೇಲ್ಪದರ ಜೆಲಟಿನ್, ಅದು ತೇವ ಹೀರಿ ಉಬ್ಬಿ ಗಾಜನ್ನು ಹಿಡಿದು ಅಲ್ಲೇ ಒಣಗುತ್ತದೆ. ಮೂಲೆಯಿಂದ ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಎಳೆಯಲೇಬಾರದು. ಗಾಜನ್ನು ಓರೆ ಮಾಡಿ ಬೆಳಕಿಗೆ ಹಿಡಿದರೆ ಅಂಟಿದ ಜಾಗ ಎಣ್ಣೆ ಒದ್ದೆಯಾದಂತೆ ಗಾಢವಾಗಿ ಕಾಣುತ್ತದೆ, ಅಂಟದ ಜಾಗ ಬೂದುಬೂದಾಗಿರುತ್ತದೆ. ಅಂಟಿದೆ ಎಂದು ತಿಳಿದ ತಕ್ಷಣ ಕಟ್ಟನ್ನು ಮಾತ್ರ ಬಿಚ್ಚಿ, ಗಾಜು ಫೋಟೊ ಸಮೇತ ಪ್ರತಿ ತೆಗೆಯುವುದು. ಗಾಜಿನ ಹೊರಮೈಯಲ್ಲಿ ವರ್ಷಗಟ್ಟಲೆ ಇಟ್ಟ ಗಂಧ ಕುಂಕುಮ ಇರುತ್ತದೆ. ಮನೆಯವರೇ ಒರೆಸಿಕೊಡಲಿ. ಬಟ್ಟೆಯನ್ನು ಬರೀ ನೀರಿನಲ್ಲಿ ಒದ್ದೆ ಮಾಡಿ ಹಿಂಡಿ ಒರೆಸಬೇಕು. ಗಾಜಿನ ಮೇಲೆ ನೇರ ನೀರೋ ಸ್ಪ್ರೇಯೋ ಹಾಕಿದರೆ ಅಂಚಿನಿಂದ ಒಳಗೆ ಹರಿಯುತ್ತದೆ.

ಗಾಜು ಸಮೇತ ಇರುವುದನ್ನು ಸ್ಕ್ಯಾನರಿನಲ್ಲಿ ಇಡುವಾಗ ಸ್ಕ್ಯಾನರು ಯಾವುದೆಂದು ನೋಡಬೇಕು. ತೆಳ್ಳಗಿನ, ಯುಎಸ್‌ಬಿ ತಂತಿಯಲ್ಲೇ ಓಡುವ ಸಿಐಎಸ್ ಸ್ಕ್ಯಾನರಿಗೆ ತನ್ನ ಗಾಜಿಗೆ ತಾಗಿ ಇರುವುದಷ್ಟೇ ಸ್ಪಷ್ಟ. ನಡುವೆ 2 ಮಿಮೀ ಗಾಜು ಬಂದರೂ ಮುಖ ಮಂಜಾಗುತ್ತದೆ. ದಪ್ಪನೆಯ ಸಿಸಿಡಿ ಸ್ಕ್ಯಾನರಿಗೆ ಆ ಆಳ ಸಿಗುತ್ತದೆ. ಅದಿಲ್ಲದಿದ್ದರೆ ಕ್ಯಾಮೆರಾವೇ ವಾಸಿ. ಬಿಸಿಲು ನೇರ ಬೀಳದ ಜಗುಲಿ, ಫೋಟೊ ಗೋಡೆಗೆ ಒರಗಿಸಿ ನೆಟ್ಟಗೆ, ಕ್ಯಾಮೆರಾ ಅದಕ್ಕೆ ಸಮಾನಾಂತರ, ಎಡಬಲದಿಂದ 45 ಡಿಗ್ರಿಯಲ್ಲಿ ಬೆಳಕು. ಕ್ಯಾಮೆರಾದ ಹಿಂದೆ ಕರಿ ಕಂಬಳಿ ಕಟ್ಟಬೇಕು, ಇಲ್ಲದಿದ್ದರೆ ತೆಗೆಯುವವರ ಬಿಳಿ ಅಂಗಿ ತೀರಿಕೊಂಡವರ ಮುಖದ ಮೇಲೆ ತೇಲುತ್ತದೆ. ಮೊಬೈಲಾದರೆ ಹತ್ತಿರ ಹೋಗದೆ, ಒಂದೂವರೆ ಮೀಟರ್ ದೂರದಿಂದ ಎರಡು ಪಟ್ಟಿನ ಲೆನ್ಸಿನಲ್ಲಿ. ಹತ್ತಿರದಿಂದ ತೆಗೆದರೆ ಅಂಚು ಬಾಗುತ್ತದೆ.

ಅಂಟದ ಫೋಟೊಗೆ ಲೆಕ್ಕ ಸರಳ. 4×6 ಇಂಚಿನದು 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, 2400×3600 ಚುಕ್ಕಿ, ಟಿಫ್ (ಕುಗ್ಗಿಸದ) ಫೈಲು ಸುಮಾರು 26 ಎಂಬಿ. ಪಾಸ್‌ಪೋರ್ಟ್ ಅಳತೆಯದನ್ನು 1200 ಡಿಪಿಐಯಲ್ಲಿ ತೆಗೆದರೆ ನಾಲ್ಕು ಪಟ್ಟು ಹಿಗ್ಗಿಸಿ 14×18 ಸೆಂಮೀಗೆ ಅಚ್ಚು ಹಾಕಬಹುದು. ಅದಕ್ಕಿಂತ ಹೆಚ್ಚು ಡಿಪಿಐ ಇಟ್ಟರೆ ಸಿಗುವುದು ಕಾಗದದ ನಾರು, ಮುಖವಲ್ಲ. ಧೂಳನ್ನು ಮೃದು ಬ್ರಷ್ಷಿನಲ್ಲಿ ಸವರಿದರೆ ಸಾಕು. ನೀರು, ಸ್ಪಿರಿಟ್ಟು, ಎಂಜಲು ಯಾವುದೂ ಬೇಡ. ಈಚಿನ ಇಂಕ್‌ಜೆಟ್ ಪ್ರಿಂಟುಗಳಲ್ಲಂತೂ ಒಂದು ಹನಿಗೆ ಬಣ್ಣ ಹರಿದುಬಿಡುತ್ತದೆ. ಲ್ಯಾಮಿನೇಷನ್ ಆಗಿರುವುದನ್ನು ಸುಲಿಯಬಾರದು, ಬಿಸಿಯಲ್ಲಿ ಕೂತ ಅಂಟು ಬಿಡುವುದಿಲ್ಲ. 70–80ರ ದಶಕದ ಕಲರ್ ಫೋಟೊ ಕೆಂಪಾಗಿರುವುದಕ್ಕೆ ಕಾರಣ ಅದರ ಸಯಾನ್ ಬಣ್ಣ ಮೊದಲು ಸಾಯುವುದು. ಮೂಲ ಫೈಲನ್ನು ಮುಟ್ಟದೆ ಪ್ರತಿಯಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ಸರಿದೂಗಿಸಿದರೆ ಮೈಬಣ್ಣ ಬಹಳಷ್ಟು ಮರಳುತ್ತದೆ.

ಫ್ಲೆಕ್ಸ್ ಅಂಗಡಿಯ ಫೈಲಿನಲ್ಲಿ ಒಂದು ಮೋಸ ಅಡಗಿರುತ್ತದೆ. ತಲೆ ಇವರದು, ಕೋಟು ಯಾರದೋ. ಜೀವಮಾನವಿಡೀ ಪಂಚೆ ಟವೆಲಿನಲ್ಲಿದ್ದವರು ನೀಲಿ ಸೂಟಿನಲ್ಲಿ ನಿಂತಿರುತ್ತಾರೆ, ಸುಕ್ಕು ಅಳಿಸಿ ಕೆನ್ನೆ ನುಣ್ಣಗಾಗಿರುತ್ತದೆ. ಅಂಗಡಿಯವರಿಗೆ ಕೊಟ್ಟ ಮೂಲ ಫೋಟೊ ಯಾವುದು ಎಂದು ಕೇಳಿ ಅದನ್ನೇ ತರಿಸಬೇಕು. ಅದು ಯಾರದೋ ಮದುವೆ ಆಲ್ಬಮ್ಮಿನ ಗುಂಪಿನಲ್ಲಿ ಬೆರಳುಗುರಿನಷ್ಟು ಮುಖ ಆಗಿದ್ದರೂ ಸರಿ. ಮಸುಕಾದ ಮುಖವನ್ನು ಚೊಕ್ಕ ಮಾಡಿಕೊಡುವ ಎಐ ಆ್ಯಪ್‌ಗಳನ್ನು ಈ ಕೆಲಸದಲ್ಲಿ ಮುಟ್ಟಬಾರದು. ಅವು ಇಲ್ಲದ ಕಣ್ಣು ರೆಪ್ಪೆಯನ್ನು ತಾವೇ ಹುಟ್ಟಿಸುತ್ತವೆ. ‘ಇದು ನಮ್ಮಪ್ಪ ಅಲ್ಲ’ ಎಂದು ಮಕ್ಕಳು ಹೇಳುವ ಚಿತ್ರಕ್ಕಿಂತ ಮಸುಕಾದ ಅಪ್ಪನೇ ಮೇಲು.

ಫೋಟೊ ಕಳಿಸಿಕೊಳ್ಳುವಾಗ ವಾಟ್ಸ್ಆ್ಯಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಫೈಲಿನ ಹೆಸರು ಕಡತದ ಪುಟಸಂಖ್ಯೆಯಿಂದ ಶುರುವಾಗಲಿ: 017-ನಂಜಕ್ಕ-01. ಮೂಲ ಫೋಟೊ ಅದೇ ದಿನ ಸಂಜೆಯೊಳಗೆ ಮನೆಗೆ ವಾಪಸ್. ರಾತ್ರಿ ಇಟ್ಟುಕೊಳ್ಳುವುದಿಲ್ಲ ಎಂಬ ನಿಯಮ ಗೊತ್ತಾದರೆ ಎಲ್ಲ ಮನೆಯವರೂ ಕೊಡುತ್ತಾರೆ.

ದನಿ

ಫೋಟೊ ಕಾಯುತ್ತದೆ, ದನಿ ಕಾಯುವುದಿಲ್ಲ. ತೀರಿಕೊಂಡವರ ಮೊಬೈಲನ್ನು ತಿಂಗಳೊಳಗೆ ಮೊಮ್ಮಗನಿಗೆ ಕೊಡುತ್ತಾರೆ, ಅವನು ರೀಸೆಟ್ ಮಾಡುತ್ತಾನೆ. ಅದಕ್ಕೂ ಮೊದಲು ಮನೆಯವರ ಒಪ್ಪಿಗೆಯಲ್ಲಿ ವಾಯ್ಸ್ ಮೆಸೇಜುಗಳನ್ನು ನಕಲು ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಅವು ವಾಟ್ಸ್ಆ್ಯಪ್‌ನ ‘ಮೀಡಿಯಾ’ ಫೋಲ್ಡರಿನೊಳಗೆ ‘ವಾಯ್ಸ್ ನೋಟ್ಸ್’ ಎಂಬಲ್ಲಿ ಓಪಸ್ ಫೈಲುಗಳಾಗಿ ಇರುತ್ತವೆ. ಹೆಸರಿನಲ್ಲೇ ತಾರೀಖು ಇರುತ್ತದೆ. ಕಳಿಸಿದ್ದು, ಬಂದದ್ದು ಎರಡೂ ಅಲ್ಲೇ ಸೇರಿರುವುದರಿಂದ ಕೇಳಿ ಆರಿಸಬೇಕು. ಅವರು ಕಳಿಸಿದ್ದು ಮಕ್ಕಳ ಮೊಬೈಲಿನಲ್ಲೂ ಇರುತ್ತದೆ, ಅಲ್ಲಿಂದ ತೆಗೆಯುವುದು ಇನ್ನೂ ಸುಲಭ. ಹಳೇ ಕೀಪ್ಯಾಡ್ ಮೊಬೈಲಿನ ರೆಕಾರ್ಡಿಂಗ್ ಎಎಮ್‌ಆರ್ ಫೈಲು. ಅದನ್ನು ಹಾಗೇ ಉಳಿಸಿ, ಕೇಳಲು ಬೇರೆ ಪ್ರತಿ ಮಾಡಿಕೊಳ್ಳಬೇಕು. ‘ಮಗಾ, ಮಳೆ ಬಂತಾ ಅಲ್ಲಿ? ಇಲ್ಲಿ ಹನಿ ಇಲ್ಲ’ ಎಂಬ ಎಂಟು ಸೆಕೆಂಡು ಕೂಡ ಒಂದು ಪುಟದಷ್ಟು ಬೆಲೆಯದು.

ನೆನಪು ಹೇಳುವವರ ರೆಕಾರ್ಡಿಂಗಿಗೆ: ವೇವ್ ಫೈಲು, 48 ಕಿಲೋಹರ್ಟ್ಜ್, 16 ಬಿಟ್, ಮೊನೊ. ಗಂಟೆಗೆ ಸುಮಾರು 345 ಎಂಬಿ. ಮೈಕು ಬಾಯಿಯಿಂದ ಒಂದು ಗೇಣು, ನೇರ ಎದುರಿಗಲ್ಲ, ಸ್ವಲ್ಪ ಓರೆ. ಫ್ಯಾನು ನಿಲ್ಲಿಸಬೇಕು, ಮೊಬೈಲು ಏರೋಪ್ಲೇನ್ ಮೋಡಿನಲ್ಲಿ. ಶೀಟಿನ ಮನೆಯಲ್ಲಿ ದನಿ ಗುಂಯ್‌ಗುಡುತ್ತದೆ, ಕಂಬಳಿ ಹಾಸಿದ ಕೋಣೆಯೋ ರಾಗಿ ಮೂಟೆ ಇಟ್ಟ ಜಾಗವೋ ಒಳ್ಳೆಯದು. ಮಾತಿನ ನಡುವೆ ಅಳು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ, ಅವರೇ ಹೇಳಿದ ಮೇಲೆ ಮುಂದುವರಿಸಬೇಕು. ಹನ್ನೊಂದನೇ ದಿನದ ತಿಥಿ ಮುಗಿಯುವವರೆಗೆ ಯಾರ ಮನೆಗೂ ಮೈಕು ಹಿಡಿದು ಹೋಗಬಾರದು. ಎರಡು ತಿಂಗಳು ಕಳೆದ ಮೇಲೆ, ವರ್ಷ ತುಂಬುವುದರೊಳಗೆ ಹೋದರೆ ನೆನಪು ಹಸಿಯಾಗಿಯೂ ಇರುತ್ತದೆ, ಮಾತೂ ಬರುತ್ತದೆ.

ಅಕ್ಷರ

ಕಲ್ಲಿಗೆ ಹೋಗುವ ಮೊದಲಿನ ಗಂಡಾಂತರ ಇದು. ಕಡತವನ್ನು ಯೂನಿಕೋಡಿನಲ್ಲಿ (ಮೊಬೈಲು, ಇಂಟರ್ನೆಟ್ಟಿನ ಅಕ್ಷರ ಸಂಕೇತ) ಟೈಪು ಮಾಡಿರುತ್ತೀರಿ, ಕೆತ್ತನೆಯ ಅಂಗಡಿಯವರು ಕೋರೆಲ್‌ಡ್ರಾದಲ್ಲಿ ಯೂನಿಕೋಡಲ್ಲದ ಹಳೇ ನುಡಿ ಫಾಂಟಿನಲ್ಲಿ ಕೆಲಸ ಮಾಡುತ್ತಾರೆ. ಪರಿವರ್ತಕಕ್ಕೆ ಹಾಕಿದಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬದಲಿಸುತ್ತವೆ. ಯೂನಿಕೋಡನ್ನು ನೇರ ಅಂಟಿಸಿದರೆ ಹಳೇ ತಂತ್ರಾಂಶದಲ್ಲಿ ‘ಲಕ್ಷ್ಮಮ್ಮ’ ಒಡೆದು ‘ಲಕ್‌ಷ್‌ಮಮ್‌ಮ’ ಆಗುತ್ತದೆ. ಆದ್ದರಿಂದ ಅಂಗಡಿಗೆ ಅಕ್ಷರ ಕೊಡಬಾರದು, ಆಕಾರ ಕೊಡಬೇಕು. ಇಂಕ್‌ಸ್ಕೇಪ್‌ನಲ್ಲಿ ಪುಟ ಜೋಡಿಸಿ, ಎಲ್ಲ ಅಕ್ಷರವನ್ನು ‘ಪಾತ್’ (ಬರೀ ಗೆರೆಯ ಆಕಾರ) ಆಗಿ ಬದಲಿಸಿ, ಪಿಡಿಎಫ್ ಮಾಡಿದರೆ ಯಾವ ಯಂತ್ರದಲ್ಲೂ ಒಡೆಯುವುದಿಲ್ಲ.

ಆಮೇಲೆ ಪೂರ್ಣ ಅಳತೆಯ ಕಾಗದದ ಪ್ರಿಂಟು ತೆಗೆದು ಡೇರಿಯ ಗೋಡೆಗೆ ಹದಿನೈದು ದಿನ ಹಚ್ಚಿಡಬೇಕು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲು. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರೆಲ್ಲ ಓದುತ್ತಾರೆ. ಬಂದ ತಿದ್ದುಪಡಿಯನ್ನು ಕಡತಕ್ಕೂ ಏರಿಸಿ, ಕಡೆಗೆ ಪ್ರತಿ ಮನೆಯಿಂದ ತಮ್ಮ ಸಾಲಿನ ಮುಂದೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡರೆ ಮುಗಿಯಿತು.

ಕಲ್ಲು

ನಮ್ಮ ಸೀಮೆಗೆ ಇದು ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ ಹಂದಿಯೊಂದಿಗೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ್ದಾರೆ. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ಓದಲು ಬಂದದ್ದಕ್ಕೆ ಕಾರಣ ಅಕ್ಷರವನ್ನು ಕಲ್ಲಿನೊಳಗೆ ಕೊರೆದದ್ದು. ಮೇಲೆ ಬಳಿದ ಬಣ್ಣ ಹಾಗೆ ನಿಲ್ಲುವುದಿಲ್ಲ.

4×2 ಅಡಿಯ, 20 ಮಿಮೀ ದಪ್ಪದ ಕಪ್ಪು ಗ್ರಾನೈಟ್ ಹಲಗೆ ಮೂರು. ಒಂದೊಂದು ಸುಮಾರು 45 ಕೆಜಿ, ಇಬ್ಬರು ಎತ್ತಬಹುದು. ನಿಲುವಾಗಿ ನಿಲ್ಲಿಸಿ ಮೇಲೆ ಕೆಳಗೆ 150 ಮಿಮೀ ಬಿಟ್ಟರೆ 900 ಮಿಮೀಗಿಂತ ತುಸು ಹೆಚ್ಚು ಉಳಿಯುತ್ತದೆ. ಅಕ್ಷರದ ಎತ್ತರ 22 ಮಿಮೀ, ಸಾಲಿನಿಂದ ಸಾಲಿಗೆ 50 ಮಿಮೀ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ಹಲಗೆಗೆ 18 ಸಾಲು, ಮೂರಕ್ಕೆ 54. 45 ಹೆಸರು ಕೆತ್ತಿ 9 ಸಾಲು ಖಾಲಿ. ಹೆಸರುಗಳು ತೀರಿಕೊಂಡ ದಿನದ ಕ್ರಮದಲ್ಲಿ. ಜಾತಿ, ಬೀದಿ, ದಾನದ ಮೊತ್ತ ಯಾವುದರ ಕ್ರಮವೂ ಅಲ್ಲ. ಚಂದಾ ಕೊಟ್ಟವರ ಪಟ್ಟಿಗೆ ಈ ಕಲ್ಲಿನಲ್ಲಿ ಜಾಗವಿಲ್ಲ ಎಂದು ಮೊದಲೇ ಹೇಳಿದ್ದರೆ ಜಗಳವಿಲ್ಲ.

ಕೆತ್ತನೆ ಸ್ಯಾಂಡ್‌ಬ್ಲಾಸ್ಟಿನಲ್ಲಿ (ಅಕ್ಷರ ಕತ್ತರಿಸಿದ ಸ್ಟೆನ್ಸಿಲ್ ಅಂಟಿಸಿ, ಮರಳು ರಭಸದಿಂದ ಚಿಮ್ಮಿಸಿ ಕೊರೆಯುವುದು), 2ರಿಂದ 3 ಮಿಮೀ ಆಳ. ಲೇಸರ್ ಅಗ್ಗ, ಆದರೆ ಮೈ ಮೇಲಷ್ಟೇ ಗೀರುತ್ತದೆ. ಫಾಂಟಿನ ಗೆರೆಗಳ ನಡುವಿನ ಸಂದಿ ತೀರ ಕಿರಿದಾದರೆ ಒತ್ತಕ್ಷರದ ಒಳಗಿನ ಸ್ಟೆನ್ಸಿಲ್ ಕಿತ್ತುಕೊಂಡು ‘ಷ್ಠ’, ‘ಕ್ಷ್ಮ’ಗಳು ಗುಳಿಯಾಗುತ್ತವೆ. ಕೊರೆದ ಜಾಗ ತಾನಾಗಿಯೇ ತಿಳಿಬೂದಿಯಾಗಿ ಕಾಣುವುದರಿಂದ ಬಣ್ಣ ತುಂಬಿಸಬೇಕಾಗಿಲ್ಲ. ಕನ್ನಡಿ ಪಾಲಿಶ್ ಬೇಡ, ಮಂದ ಪಾಲಿಶ್ ಸಾಕು. ಹೊಳೆಯುವ ಕಲ್ಲಿನಲ್ಲಿ ಓದುವವರಿಗೆ ತಮ್ಮ ಮುಖವೇ ಕಾಣುತ್ತದೆ.

ಗೋಡೆ ಸೈಜುಗಲ್ಲಿನದು, 2 ಮೀಟರ್ ಅಗಲ, 1.8 ಮೀಟರ್ ಎತ್ತರ, ಒಂದೂವರೆ ಅಡಿ ದಪ್ಪ. ಎರೆಮಣ್ಣಿನ ನೆಲವಾದರೆ ಮೂರಡಿ ಅಗೆದು ನಿಲ್ಲಿಸದೆ ಗೊರಚು ಸಿಗುವವರೆಗೆ ಇಳಿಯಬೇಕು, ಎರೆ ಬೇಸಿಗೆಗೆ ಬಿರಿದು ಮಳೆಗೆ ಉಬ್ಬಿ ಗೋಡೆಯನ್ನು ಸೀಳುತ್ತದೆ. ತಳಕ್ಕೆ 1:4:8 (ಸಿಮೆಂಟು, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್ 6 ಇಂಚು, ಕಟ್ಟಡಕ್ಕೆ 1:6 ಗಾರೆ, ಏಳು ದಿನ ನೀರು. ತಲೆಗಲ್ಲು ಹಿಂದಕ್ಕೆ ಇಳಿಜಾರಾಗಿರಲಿ, ಮುಂದೆ ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದರೆ ನೀರು ಹಲಗೆಯ ಮೇಲೆ ಹರಿಯದೆ ತೊಟ್ಟಿಕ್ಕುತ್ತದೆ.

ಹಲಗೆಯನ್ನು ಗಾರೆಯಲ್ಲಿ ಅಂಟಿಸುವುದು ವಾಡಿಕೆ. ಅದೇ ದೊಡ್ಡ ತಪ್ಪು. ಸಿಮೆಂಟಿನ ಉಪ್ಪು ಹೊಮ್ಮಿ ಬಿಳಿ ಕಲೆ ಬರುವುದು ಒಂದು, ಮುಂದಿನ ಹೆಸರು ಕೆತ್ತಲು ಹಲಗೆ ಬಿಚ್ಚಲಾಗದಿರುವುದು ಇನ್ನೊಂದು. ಪ್ರತಿ ಹಲಗೆಯ ಅಡಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 40×40×5 ಮಿಮೀ ಆ್ಯಂಗಲ್ ತುಂಡು ಎರಡು, ಮೇಲೆ ಹಿಡಿಕೆ ಎರಡು. 8 ಮಿಮೀ ಆ್ಯಂಕರ್ ಬೋಲ್ಟು ಗೋಡೆಯ ಕಲ್ಲಿನ ನಡುವಿಗೇ ಬೀಳಬೇಕು, ಸಂದಿಯ ಗಾರೆಗೆ ಬಿದ್ದರೆ ಸಡಿಲ. ಹಲಗೆಗೆ ಸ್ಟೀಲು ತಾಗುವಲ್ಲೆಲ್ಲ 3 ಮಿಮೀ ರಬ್ಬರು, ಹಲಗೆಯ ಹಿಂದೆ ಗಾಳಿಯಾಡಲು 10 ಮಿಮೀ. ಸಾದಾ ಕಬ್ಬಿಣ ಬಳಸಿದರೆ ತುಕ್ಕು ಉಬ್ಬಿ ಗ್ರಾನೈಟಿನ ಮೂಲೆಯನ್ನೇ ಎಬ್ಬಿಸುತ್ತದೆ. ಕ್ಯೂಆರ್ ಕೋಡನ್ನು ಕಲ್ಲಿನಲ್ಲಿ ಕೆತ್ತಬಾರದು, ಅದು ತೋರಿಸುವ ವಿಳಾಸ ಕಲ್ಲಿಗಿಂತ ಬೇಗ ಸಾಯುತ್ತದೆ. ಬೇಕಾದರೆ ಪಕ್ಕದಲ್ಲಿ ಬದಲಿಸಬಹುದಾದ ಸಣ್ಣ ಸ್ಟೀಲು ಫಲಕ.

ಜನ ಎಣ್ಣೆ ದೀಪ ಹಚ್ಚುತ್ತಾರೆ, ಕುಂಕುಮ ಇಡುತ್ತಾರೆ. ತಡೆಯುವ ಹಕ್ಕು ಯಾರಿಗೂ ಇಲ್ಲ. ಹಲಗೆಯಿಂದ ಒಂದಡಿ ಮುಂದೆ ಒರಟುಗಲ್ಲಿನ ಮೆಟ್ಟಿಲು ಕಟ್ಟಿ ದೀಪದ ಗುಳಿ ಕೊಟ್ಟರೆ ಎಣ್ಣೆ ಅಲ್ಲೇ ನಿಲ್ಲುತ್ತದೆ. ಆದರೂ ಹಲಗೆಗೆ ಎಣ್ಣೆ ಹಿಡಿದರೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಕಲೆಯ ಮೇಲೆ ಅರ್ಧ ಇಂಚು ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು, ಒಣಗಿದ ಮೇಲೆ ಕೆರೆದು ತೆಗೆಯುವುದು. ಎರಡು ಮೂರು ಸಲ ಬೇಕಾದೀತು. ಹತ್ತಿರ ಬೆಂಕಿ ಇರಕೂಡದು. ಬಾತ್‌ರೂಮಿನ ಆಸಿಡ್ ಮುಟ್ಟಿಸಬೇಡಿ, ಕಲ್ಲಿನೊಳಗಿನ ಕಬ್ಬಿಣದ ಅಂಶ ಹಳದಿಯಾಗಿ ಹೊರಬರುತ್ತದೆ.

ಫೈಲುಗಳ ಪ್ರತಿ ಮೂರು: ಊರಿನ ಎರಡು ಬೇರೆಬೇರೆ ಬೀದಿಯ ಮನೆಗಳಲ್ಲಿ ಒಂದೊಂದು ಹಾರ್ಡ್‌ಡಿಸ್ಕು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಇನ್ನೊಂದು. ಪೆನ್‌ಡ್ರೈವನ್ನು ನಂಬಿ ಕೂರಬಾರದು. ಕಡತದ ಜೆರಾಕ್ಸ್ ಪ್ರತಿಯೂ ಅರಿವು ಕೇಂದ್ರದಲ್ಲಿ ಓದಲು ಸಿಗಬೇಕು. ಮನೆಯವರು ‘ಇದು ಹೊರಗೆ ಬೇಡ’ ಎಂದ ಪುಟಗಳು ಅದರಲ್ಲಿ ಇರುವುದಿಲ್ಲ.

ಪಿತೃಪಕ್ಷ ಶುರುವಾಗುವ ದಿನ ಕೊನೆಯ ಹಲಗೆ ಬಿಚ್ಚಿ ಅಂಗಡಿಗೆ ಹೋಗುತ್ತದೆ, ಆ ವರ್ಷದ ಹೆಸರು ಸೇರಿಸಿಕೊಂಡು ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆಯೊಳಗೆ ಮರಳಿ ನಿಲ್ಲುತ್ತದೆ. ಬಿಚ್ಚಲು 13ರ ಸ್ಪ್ಯಾನರ್ ಒಂದು, ಹಿಡಿಯಲು ಇಬ್ಬರು, ಟ್ರಾಲಿಯಲ್ಲಿ ಹಾಸಲು ಭತ್ತದ ಹುಲ್ಲು ಎರಡು ಹೊರೆ.